ಕಬ್ಬಿಣದ ಸಂಕೀರ್ಣಗಳ ಮೇಲೊಂದು ಪಿಎಚ್.ಡಿ.: ಪ್ರಕಟಣೆಯಿಂದ ಒಪ್ಪಿಗೆಪತ್ರದವರೆಗೆ

ಭೌತ-ನಿರವಯವ ರಸಾಯನಶಾಸ್ತ್ರದಲ್ಲಿ ಪೂರ್ಣ ಧನಸಹಾಯವಿರುವ ಪಿಎಚ್.ಡಿ. ಸ್ಥಾನದ ಪ್ರಕಟಣೆ ಸಾಮಾನ್ಯವಾಗಿ ಒಂದು ಪುಟವನ್ನೂ ಮೀರುವುದಿಲ್ಲ. ನಾನು ಅರ್ಜಿ ಹಾಕಿದ ಪ್ರಕಟಣೆಯೂ ಹಾಗೆಯೇ ಇತ್ತು. ನಿಸರ್ಗದಲ್ಲಿ ಹೇರಳವಾಗಿ ಸಿಗುವ ಲೋಹಗಳ ಸಂಕೀರ್ಣಗಳನ್ನು (ಲೋಹದ ಸುತ್ತ ಲಿಗ್ಯಾಂಡುಗಳೆಂಬ ಅಣು ಅಥವಾ ಅಯಾನುಗಳು ಬಂಧಿತವಾಗಿರುವ ಸಂಯುಕ್ತಗಳನ್ನು) ತಯಾರಿಸಿ, ಬೆಳಕು ಬಿದ್ದಾಗ ಅವುಗಳ ಉದ್ರಿಕ್ತ ಸ್ಥಿತಿಗಳು (ಬೆಳಕನ್ನು ಹೀರಿ ತಲುಪುವ ಹೆಚ್ಚಿನ ಶಕ್ತಿಯ ಸ್ಥಿತಿಗಳು) ಹೇಗೆ ವರ್ತಿಸುತ್ತವೆ ಎಂಬುದನ್ನು ಅಳೆಯಬೇಕು. ಅವಧಿ ಮೂರೂವರೆ ವರ್ಷ. ಬೋಧನಾ ಶುಲ್ಕ ಮತ್ತು ಶಿಷ್ಯವೇತನ ಎರಡಕ್ಕೂ ಹಣವಿದೆ. ಗಾಳಿ ತಾಗಿದರೆ ಕೆಡುವ ಸಂಯುಕ್ತಗಳನ್ನು ನಿಭಾಯಿಸಿದ ಅನುಭವ, ರೋಹಿತದರ್ಶನ (ವಸ್ತು ಯಾವ ತರಂಗಾಂತರದ ಬೆಳಕನ್ನು ಹೀರುತ್ತದೆ, ಸೂಸುತ್ತದೆ ಎಂಬುದರ ಅಳತೆ) ಅಥವಾ ಗಣಕೀಯ ರಸಾಯನಶಾಸ್ತ್ರದ ಪರಿಚಯ ಇದ್ದರೆ ಒಳ್ಳೆಯದು. ಅದರಲ್ಲಿ ಇದ್ದದ್ದು ಇಷ್ಟೇ. ಅಲ್ಲಿಂದ ಒಪ್ಪಿಗೆಪತ್ರಕ್ಕೆ ಸಹಿ ಹಾಕುವವರೆಗೆ ನಾನು ಮಾಡಿದ್ದೆಲ್ಲವೂ ಆ ಕೆಲವು ಸಾಲುಗಳ ಹಿಂದೆ ಏನಿದೆ ಎಂದು ತಿಳಿದುಕೊಳ್ಳುವ ಕೆಲಸವೇ ಆಗಿತ್ತು. ಈ ಕ್ಷೇತ್ರದಲ್ಲಿ ಪ್ರಶ್ನೆ, ಉಪಕರಣ ಮತ್ತು ಹಣ ಒಂದನ್ನೊಂದು ಬಿಟ್ಟು ಇರುವುದಿಲ್ಲ. ಯಾವ ಅಳತೆ ಸಾಧ್ಯವೋ ಆ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ, ಯಾವ ಅಳತೆಗೆ ಹಣವಿದೆಯೋ ಅದು ಮಾತ್ರ ಸಾಧ್ಯವಾಗುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡದೆ ಇಂತಹ ಸ್ಥಾನವನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊಸ ಸಂಯುಕ್ತವನ್ನು ತಯಾರಿಸುವುದು ಈ ಶಾಖೆಯಲ್ಲಿ ಅರ್ಧ ಕೆಲಸ. ಅದು ಹಾಗೆಯೇ ಏಕೆ ವರ್ತಿಸುತ್ತದೆ ಎಂಬುದನ್ನು ಅಳೆದು, ಇಲೆಕ್ಟ್ರಾನುಗಳ ಲೆಕ್ಕದಲ್ಲಿ ವಿವರಿಸುವುದು ಇನ್ನರ್ಧ. ಸಂಕೀರ್ಣಗಳ ಜ್ಯಾಮಿತಿಯನ್ನು ಸ್ಥಾಪಿಸಿದ ಆಲ್ಫ್ರೆಡ್ ವರ್ನರ್ ಅವರಿಗೆ 1913ರಲ್ಲಿ ನೊಬೆಲ್ ಬಂತು. 1929ರಲ್ಲಿ ಹಾನ್ಸ್ ಬೆಥೆ ಲೋಹದ ಇಲೆಕ್ಟ್ರಾನುಗಳಿರುವ ಡಿ ಕಕ್ಷಕಗಳ ಶಕ್ತಿಯನ್ನು ಸುತ್ತಲಿನ ಅಯಾನುಗಳು ಹೇಗೆ ಸೀಳುತ್ತವೆ ಎಂದು ಹೇಳುವ ಸ್ಫಟಿಕ ಕ್ಷೇತ್ರ ಸಿದ್ಧಾಂತಕ್ಕೆ ತಳಹದಿ ಹಾಕಿದರು. 1954ರಲ್ಲಿ ತನಾಬೆ ಮತ್ತು ಸುಗಾನೊ ಪ್ರಕಟಿಸಿದ, ಆ ಸೀಳಿಕೆಯೊಡನೆ ಸ್ಥಿತಿಗಳ ಶಕ್ತಿ ಹೇಗೆ ಬದಲಾಗುತ್ತದೆಂದು ತೋರಿಸುವ ರೇಖಾಚಿತ್ರಗಳು ಇಂದಿಗೂ ಅನೇಕ ಪಠ್ಯಪುಸ್ತಕಗಳ ಕೊನೆಯ ಪುಟಗಳಲ್ಲಿವೆ. ಇವನ್ನೆಲ್ಲ ಪದವಿ ತರಗತಿಗಳಲ್ಲಿ ಓದಿದ್ದೆ. ಪ್ರಕಟಣೆಯನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಓದಿದಾಗ ಅವೇ ಪಾಠಗಳು ದಿನನಿತ್ಯ ಬಳಸಬೇಕಾದ ಸಾಧನಗಳಾಗಿ ಕಂಡವು.

ಯೋಜನೆಯ ಒಳಗಿದ್ದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನನ್ನು ಸೆಳೆದದ್ದು ಅದೇ. ರುಥೀನಿಯಂ ಲೋಹದ ಸುತ್ತ ಮೂರು ಬೈಪಿರಿಡೀನ್ ಲಿಗ್ಯಾಂಡುಗಳು ಕೂತಿರುವ ಕಿತ್ತಳೆ ಬಣ್ಣದ ಅಯಾನು ಬೆಳಕಿನ ರಸಾಯನಶಾಸ್ತ್ರದಲ್ಲಿ ಅತ್ಯಂತ ಪರಿಚಿತವಾದದ್ದು. ಅದು ಸುಮಾರು 450 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರಿದಾಗ ಲೋಹದ ಒಂದು ಇಲೆಕ್ಟ್ರಾನು ಲಿಗ್ಯಾಂಡಿನ ಕಡೆಗೆ ಹೋಗುತ್ತದೆ. ಹೀಗೆ ಉಂಟಾದ ಆವೇಶ-ವರ್ಗಾವಣೆಯ ಸ್ಥಿತಿ, ಆಮ್ಲಜನಕವಿಲ್ಲದ ದ್ರಾವಣದಲ್ಲಿ, ಸುಮಾರು ಒಂದು ಮೈಕ್ರೋಸೆಕೆಂಡಿನಷ್ಟು ಕಾಲ ಉಳಿಯುತ್ತದೆ. ಪಕ್ಕದಲ್ಲಿ ಬರುವ ಇನ್ನೊಂದು ಅಣುವಿಗೆ ಆ ಇಲೆಕ್ಟ್ರಾನನ್ನು ದಾಟಿಸಲು ಅಷ್ಟು ಸಮಯ ಧಾರಾಳವಾಗಿ ಸಾಕು. ಆದರೆ ರುಥೀನಿಯಂ ವಿರಳ ಲೋಹ. ಆವರ್ತಕೋಷ್ಟಕದಲ್ಲಿ ಅದರ ಮೇಲೆಯೇ ಕೂತಿರುವ ಕಬ್ಬಿಣವನ್ನು ಅದೇ ಲಿಗ್ಯಾಂಡುಗಳ ಜೊತೆ ಬಳಸಿದರೆ ಗಾಢ ಕೆಂಪು ಬಣ್ಣದ, ಬೆಳಕನ್ನು ಚೆನ್ನಾಗಿಯೇ ಹೀರುವ ಅಯಾನು ಸಿಗುತ್ತದೆ, ಆದರೂ ಅದರಿಂದ ಆ ಕೆಲಸ ಆಗುವುದಿಲ್ಲ. ಕಬ್ಬಿಣದ 3ಡಿ ಕಕ್ಷಕಗಳು ಲಿಗ್ಯಾಂಡುಗಳೊಡನೆ ಅಷ್ಟು ಬಲವಾಗಿ ಬೆರೆಯವು. ಕ್ಷೇತ್ರದ ಸೀಳಿಕೆ ಚಿಕ್ಕದಾಗಿ, ಲೋಹದ ಮೇಲೆಯೇ ಕೇಂದ್ರಿತವಾದ ಸ್ಥಿತಿಗಳು ಆವೇಶ-ವರ್ಗಾವಣೆಯ ಸ್ಥಿತಿಗಿಂತ ಕೆಳಗೆ ಇಳಿದಿರುತ್ತವೆ. ಹೀಗಾಗಿ ಹೀರಿದ ಶಕ್ತಿ ನೂರಿನ್ನೂರು ಫೆಮ್ಟೋಸೆಕೆಂಡುಗಳ ಒಳಗೇ ನಾಲ್ಕು ಒಂಟಿ ಇಲೆಕ್ಟ್ರಾನುಗಳಿರುವ ಕ್ವಿಂಟೆಟ್ ಸ್ಥಿತಿಗೆ ಜಾರಿ, ಅಲ್ಲಿಂದ ಸುಮಾರು 650 ಪಿಕೋಸೆಕೆಂಡುಗಳ (ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು, ಫೆಮ್ಟೋಸೆಕೆಂಡ್ ಅದರ ಸಾವಿರದಲ್ಲಿ ಒಂದು ಪಾಲು) ಕಾಲಮಾನದಲ್ಲಿ ಮೂಲ ಸ್ಥಿತಿಗೆ ಮರಳುತ್ತದೆ.

ಈ ತೊಡಕಿಗೆ ರಸಾಯನಶಾಸ್ತ್ರಜ್ಞರು ಕಂಡುಕೊಂಡ ದಾರಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕಾರ್ಬೀನ್ ಲಿಗ್ಯಾಂಡುಗಳದ್ದು, ಅಂದರೆ ಎರಡೇ ಬಂಧಗಳಿರುವ ಇಂಗಾಲದ ಪರಮಾಣುವಿನ ಮೂಲಕ ಲೋಹಕ್ಕೆ ಅಂಟುವಂಥವುಗಳದ್ದು. ಅವು ಲೋಹಕ್ಕೆ ಇಲೆಕ್ಟ್ರಾನುಗಳನ್ನು ಬಲವಾಗಿ ದಾನ ಮಾಡಿ ಲೋಹಕೇಂದ್ರಿತ ಸ್ಥಿತಿಗಳನ್ನು ಮೇಲಕ್ಕೆ ತಳ್ಳುತ್ತವೆ. 2017ರಲ್ಲಿ ಪ್ರಕಟವಾದ ಕಬ್ಬಿಣ(III) ಕಾರ್ಬೀನ್ ಸಂಕೀರ್ಣವೊಂದು ಕೊಠಡಿಯ ಉಷ್ಣತೆಯಲ್ಲೇ ಬೆಳಕು ಸೂಸಿತು; ಅದರ ಉದ್ರಿಕ್ತ ಸ್ಥಿತಿ ಸುಮಾರು 100 ಪಿಕೋಸೆಕೆಂಡ್ ಬಾಳಿತು. 2019ರಲ್ಲಿ ಬಂದ ಮತ್ತೊಂದರಲ್ಲಿ ಆ ಕಾಲ ಸುಮಾರು 2 ನ್ಯಾನೋಸೆಕೆಂಡಿಗೆ (2,000 ಪಿಕೋಸೆಕೆಂಡಿಗೆ) ಏರಿತು. ರುಥೀನಿಯಂ ಎದುರು ಇದು ಇನ್ನೂ ಕಡಿಮೆಯೇ, ಆದರೆ ಒಂದು ಲೋಹದ ಸ್ವಭಾವ ಎಂದು ಎಲ್ಲರೂ ಒಪ್ಪಿಕೊಂಡಿದ್ದ ಮಿತಿಯನ್ನು ಲಿಗ್ಯಾಂಡಿನ ವಿನ್ಯಾಸದಿಂದ ಸರಿಸಬಹುದು ಎಂಬುದು ಇಲ್ಲಿ ಅಳತೆಯಿಂದ ಸಾಬೀತಾಗಿದೆ. ಇದನ್ನು ಓದಿದ ಮೇಲೆ ಈ ಕೆಲಸವನ್ನೇ ಮಾಡಬೇಕೆಂಬ ಆಸೆ ನನ್ನಲ್ಲಿ ಗಟ್ಟಿಯಾಯಿತು.

ಈ ಸ್ಥಾನವನ್ನು ಪ್ರಕಟಿಸಿದ ಸಂಶೋಧನಾ ಗುಂಪಿನ ಪ್ರಬಂಧಗಳನ್ನು ಓದುವಾಗ ಮುಖ್ಯ ಲೇಖನಕ್ಕಿಂತ ಅದರ ಜೊತೆಗಿರುವ ಪೂರಕ ಮಾಹಿತಿಯ ಕಡತಗಳಿಗೇ ನಾನು ಹೆಚ್ಚು ಸಮಯ ಕೊಟ್ಟೆ. ಯಾವ ಅಳತೆಯನ್ನು ತಮ್ಮಲ್ಲೇ ಮಾಡಿದ್ದಾರೆ, ಯಾವುದನ್ನು ಬೇರೆಡೆಗೆ ಕಳುಹಿಸಿದ್ದಾರೆ, ಹರಳಿನ ರಚನೆಯನ್ನು ಬಿಡಿಸಿದವರು ಯಾರು, ಗಣನೆಗೆ ಯಾವ ವಿಧಾನ ಬಳಸಿದ್ದಾರೆ, ಲೇಸರ್ ಸ್ಪಂದದ ಅಗಲ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಕ್ಷಣಿಕ ಹೀರಿಕೆಯನ್ನು (ಲೇಸರ್ ಸ್ಪಂದ ತಾಗಿದ ಮೇಲೆ ಬೆಳಕಿನ ಹೀರಿಕೆ ಕ್ಷಣಕ್ಷಣಕ್ಕೂ ಬದಲಾಗುವುದನ್ನು) ಅಳೆಯುವ ಫೆಮ್ಟೋಸೆಕೆಂಡ್ ಲೇಸರ್ ವ್ಯವಸ್ಥೆ ಅವರ ವಿಭಾಗದಲ್ಲೇ ಇದೆ, ಮ್ಯೋಸ್‌ಬೌವರ್ ರೋಹಿತಗಳನ್ನೂ (ಕಬ್ಬಿಣದ ಪರಮಾಣುಬೀಜ ಗಾಮಾ ಕಿರಣವನ್ನು ಹೀರುವುದರ ಅಳತೆ) ಅಲ್ಲೇ ತೆಗೆಯುತ್ತಾರೆ, ಎಕ್ಸ್-ಕಿರಣ ರೋಹಿತಗಳಿಗೆ ಮಾತ್ರ ಪ್ರಬಲ ಎಕ್ಸ್-ಕಿರಣಗಳನ್ನು ಕೊಡುವ ಸಿಂಕ್ರೊಟ್ರಾನ್ ಕೇಂದ್ರಕ್ಕೆ ಹೋಗುತ್ತಾರೆ ಎಂದು ನನಗೆ ತಿಳಿದದ್ದು ಹೀಗೆ. ಪ್ರಕಟಣೆಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

ಅರ್ಜಿಗೂ ಮೊದಲು ಯೋಜನೆಯ ಮುಖ್ಯಸ್ಥರಾದ ಪ್ರಾಧ್ಯಾಪಕರಿಗೆ ಪತ್ರ ಬರೆದೆ. ನನ್ನ ಹಿನ್ನೆಲೆಗೆ ಒಂದು ಪ್ಯಾರಾ, ಅವರ ಕೆಲಸದ ಬಗ್ಗೆ ಒಂದು ನಿಜವಾದ ಪ್ರಶ್ನೆ, ಮಾತನಾಡಲು ಸಮಯ ಕೊಡುವಿರಾ ಎಂಬ ವಿನಂತಿ. ಪತ್ರದಲ್ಲಿ ಇದ್ದದ್ದು ಇಷ್ಟೇ. ಪ್ರಶ್ನೆ ಇದಾಗಿತ್ತು: ಉದ್ರಿಕ್ತ ಅಣು ಕೆಲವು ಪಿಕೋಸೆಕೆಂಡುಗಳಲ್ಲಿ ತನ್ನ ಕಂಪನಶಕ್ತಿಯನ್ನು ದ್ರಾವಕಕ್ಕೆ ಬಿಟ್ಟುಕೊಟ್ಟು ತಣ್ಣಗಾಗುವಾಗಲೂ ರೋಹಿತದ ಪಟ್ಟಿ ಕಿರಿದಾಗಿ ಪಕ್ಕಕ್ಕೆ ಸರಿಯುತ್ತದೆ; ಒಂದು ಇಲೆಕ್ಟ್ರಾನಿಕ್ ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗಲೂ ರೋಹಿತ ಬದಲಾಗುತ್ತದೆ; ಹಾಗಿರುವಾಗ ನಿಮ್ಮ ಲೇಖನದಲ್ಲಿ ಕಂಡಿರುವ ವೇಗದ ಘಟಕ ಇವೆರಡರಲ್ಲಿ ಯಾವುದು ಎಂದು ಹೇಗೆ ನಿರ್ಧರಿಸಿದಿರಿ? ಉತ್ತರ ಬೇಗನೇ ಬಂತು. ದ್ರಾವಕವನ್ನು ಬದಲಿಸಿ ನೋಡಿದ್ದನ್ನೂ, ಉದ್ರೇಕಕ್ಕೆ ಬಳಸಿದ ತರಂಗಾಂತರವನ್ನು ಬದಲಿಸಿದ್ದನ್ನೂ ವಿವರಿಸಿ, ಮುಂದಿನ ವಾರ ಮಾತನಾಡೋಣ ಎಂದು ಅವರು ಬರೆದಿದ್ದರು. ಮಾರ್ಗದರ್ಶಕರಾಗುವವರನ್ನು ಹೊಗಳುವ ಪತ್ರಕ್ಕಿಂತ ಅವರ ಕೆಲಸವನ್ನು ಓದಿದ ಪತ್ರಕ್ಕೆ ಬೆಲೆ ಹೆಚ್ಚು ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ.

ಆ ಮಾತುಕತೆಯಲ್ಲಿ ವಿಜ್ಞಾನದ ಜೊತೆಗೆ ಹಣದ ವಿಷಯವನ್ನೂ ನೇರವಾಗಿ ಎತ್ತಿದೆ. ಹಣದ ಬಗ್ಗೆ ಕೇಳಿದರೆ ಸಂಶೋಧನೆಯಲ್ಲಿ ಆಸಕ್ತಿಯಿಲ್ಲ ಎಂದು ತಿಳಿಯುತ್ತಾರೆಂಬ ಅಂಜಿಕೆ ವಿದ್ಯಾರ್ಥಿಗಳಲ್ಲಿ ಇದೆ, ಅದಕ್ಕೆ ಆಧಾರವಿಲ್ಲ. ಧನಸಹಾಯ ಒಂದೇ ಬಗೆಯದಲ್ಲ. ಕೆಲವೊಮ್ಮೆ ಹಣ ಪ್ರಾಧ್ಯಾಪಕರ ಯೋಜನಾ ಅನುದಾನದಲ್ಲಿರುತ್ತದೆ. ಆಗ ಪ್ರಶ್ನೆ ಮೊದಲೇ ನಿಗದಿಯಾಗಿರುತ್ತದೆ, ಅನುದಾನ ಕೊಟ್ಟವರಿಗೆ ವರದಿ ಒಪ್ಪಿಸುವ ಹೊಣೆಯೂ ಇರುತ್ತದೆ, ಉಪಕರಣ ಮತ್ತು ರಾಸಾಯನಿಕಗಳಿಗೆ ಬೇರೆ ಮೊತ್ತ ಮೀಸಲಾಗಿರುವ ಸಾಧ್ಯತೆಯೂ ಹೆಚ್ಚು. ಕೆಲವೊಮ್ಮೆ ಹಣ ಅಭ್ಯರ್ಥಿಯ ಹೆಸರಿಗೇ ಬರುವ ಫೆಲೋಶಿಪ್ ಆಗಿರುತ್ತದೆ. ವಿಷಯ ಬದಲಿಸುವ, ಅಗತ್ಯಬಿದ್ದರೆ ಮಾರ್ಗದರ್ಶಕರನ್ನೇ ಬದಲಿಸುವ ಸ್ವಾತಂತ್ರ್ಯ ಅದರಲ್ಲಿ ಸ್ವಲ್ಪ ಹೆಚ್ಚು, ಆದರೆ ಅದು ಜೀವನ ನಿರ್ವಹಣೆಗೆ ಮಾತ್ರ ಸಾಕಾಗಿ ಪ್ರಯೋಗದ ಖರ್ಚನ್ನು ಬೇರೆಡೆಯಿಂದ ಹೊಂದಿಸಬೇಕಾಗಬಹುದು. ನನ್ನದು ಮೊದಲನೆಯ ಬಗೆ. ಅದು ಗೊತ್ತಾದ ಮೇಲೆ ಅನುದಾನ ಮುಗಿಯುವ ದಿನಾಂಕ ಯಾವುದು, ನನ್ನ ಅವಧಿ ಅದರೊಳಗೆ ಪೂರ್ತಿ ಅಡಕವಾಗಿದೆಯೇ, ಪ್ರಾಧ್ಯಾಪಕರು ಬೇರೆ ಸಂಸ್ಥೆಗೆ ಹೋದರೆ ಹಣವೂ ಅವರೊಡನೆ ಹೋಗುತ್ತದೆಯೇ ಎಂದು ಕೇಳಿದೆ. ಬೋಧನಾ ಶುಲ್ಕ ಪೂರ್ತಿ ಅವರದೇ ಹೊಣೆಯೋ, ಹೊರದೇಶದ ವಿದ್ಯಾರ್ಥಿಗೆ ಶುಲ್ಕ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಯಾರು ತುಂಬುತ್ತಾರೆ ಎಂಬುದನ್ನೂ ಕೇಳಿದೆ. ಶಿಷ್ಯವೇತನವೋ ಉದ್ಯೋಗದ ಒಪ್ಪಂದವೋ ಎಂಬುದೂ ಮುಖ್ಯ, ಏಕೆಂದರೆ ರಜೆ, ವಿಮೆ, ತೆರಿಗೆಯ ನಿಯಮಗಳು ಅದರ ಮೇಲೆ ನಿಂತಿರುತ್ತವೆ.

ಅದಕ್ಕಿಂತ ಕಡಿಮೆ ಜನ ಕೇಳುವ, ಆದರೆ ನಮ್ಮ ಶಾಖೆಯಲ್ಲಿ ಪ್ರಬಂಧದ ಹಣೆಬರಹವನ್ನೇ ನಿರ್ಧರಿಸುವ ಇನ್ನೊಂದು ಲೆಕ್ಕವಿದೆ. ಮಾದರಿಯನ್ನು 2 ಕೆಲ್ವಿನ್ನಿನವರೆಗೆ ತಣಿಸಿ ಅದರ ಅಯಸ್ಕಾಂತತೆಯನ್ನು ಅಳೆಯುವ ಸ್ಕ್ವಿಡ್ ಮಾಪಕಕ್ಕೆ ಹೀಲಿಯಂ ಬೇಕು, ಹೀಲಿಯಂ ದುಬಾರಿ. ಕಬ್ಬಿಣದ ಮ್ಯೋಸ್‌ಬೌವರ್ ರೋಹಿತಕ್ಕೆ ಕೋಬಾಲ್ಟ್-57 ವಿಕಿರಣ ಮೂಲ ಬೇಕು. ಅದರ ಅರ್ಧಾಯು ಸುಮಾರು 272 ದಿನ. ಮೂರೂವರೆ ವರ್ಷದ ಪಿಎಚ್.ಡಿ. ಆರಂಭವಾಗುವಾಗ ಹೊಸದಾಗಿ ತಂದ ಮೂಲ ಅದು ಮುಗಿಯುವ ಹೊತ್ತಿಗೆ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟೂ ಉಳಿದಿರುವುದಿಲ್ಲ, ಅಂದರೆ ಮಧ್ಯದಲ್ಲಿ ಹೊಸ ಮೂಲವನ್ನು ಕೊಳ್ಳಲೇಬೇಕು. ಇದಕ್ಕೆ ಯೋಜನೆಯಲ್ಲಿ ಹಣವಿದೆಯೇ ಎಂದು ಕೇಳಿದಾಗ ಪ್ರಾಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇ ವರ್ಷದ ಖರ್ಚಿನಲ್ಲಿ ಅದನ್ನು ಸೇರಿಸಿದ್ದೇವೆ. ನೀವು ಕೇಳಿದ್ದು ಒಳ್ಳೆಯದಾಯಿತು, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ" ಎಂದರು. ಲೇಸರ್ ಸಮಯವನ್ನು ಗುಂಪುಗಳ ನಡುವೆ ಹೇಗೆ ಹಂಚುತ್ತಾರೆ, ಶುಷ್ಕ ದ್ರಾವಕಗಳು ಮತ್ತು ಡ್ಯುಟೀರಿಯಂ ದ್ರಾವಕಗಳು ಯಾವ ಲೆಕ್ಕಕ್ಕೆ ಹೋಗುತ್ತವೆ, ಸಮ್ಮೇಳನಕ್ಕೆ ಹೋಗಲು ಏನಿದೆ ಎಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಆ ಹೊತ್ತಿನಲ್ಲಿ.

ಅರ್ಜಿಯ ಕಾಗದಪತ್ರಗಳಲ್ಲಿ ಹೆಚ್ಚಿನವು ಎಲ್ಲರಿಗೂ ಗೊತ್ತಿರುವಂಥವೇ: ಅಂಕಪಟ್ಟಿಗಳು, ವ್ಯಕ್ತಿವಿವರ, ಭಾಷಾ ಪ್ರಮಾಣಪತ್ರ, ಶಿಫಾರಸು ಪತ್ರಗಳು. ಉದ್ದೇಶ ನಿರೂಪಣೆಗೆ ಮಾತ್ರ ತುಂಬ ಶ್ರಮ ಹಾಕಿದೆ. ರಸಾಯನಶಾಸ್ತ್ರದ ಮೇಲಿನ ಪ್ರೀತಿಯನ್ನು ವರ್ಣಿಸುವ ಬದಲು ಸ್ನಾತಕೋತ್ತರ ಪದವಿಯಲ್ಲಿ ನಾನೇ ಮಾಡಿದ ಒಂದು ಅಳತೆಯನ್ನು ತೆಗೆದುಕೊಂಡೆ. ಉಷ್ಣತೆಗೆ ತಕ್ಕಂತೆ ಸ್ಪಿನ್ (ಒಂಟಿ ಇಲೆಕ್ಟ್ರಾನುಗಳ ಸಂಖ್ಯೆ) ಬದಲಿಸುವ ಕಬ್ಬಿಣ(II) ಸಂಕೀರ್ಣವೊಂದರ ಕಾಂತೀಯತೆಯನ್ನು, 1959ರಲ್ಲಿ ಪ್ರಕಟವಾದ ಇವಾನ್ಸ್ ವಿಧಾನದಿಂದ, ಎನ್.ಎಂ.ಆರ್. (ಬೈಜಿಕ ಕಾಂತೀಯ ಅನುರಣನ) ಯಂತ್ರದಲ್ಲೇ ಅಳೆದಿದ್ದೆ. ಆರು ಡಿ-ಇಲೆಕ್ಟ್ರಾನುಗಳ ಉನ್ನತ ಸ್ಪಿನ್ ಸ್ಥಿತಿಗೆ ಸ್ಪಿನ್ ಮಾತ್ರ ಲೆಕ್ಕಕ್ಕೆ ಹಿಡಿದರೆ 4.90 ಬೋರ್ ಮ್ಯಾಗ್ನೆಟಾನ್ (ಅಣುವಿನ ಕಾಂತೀಯತೆಯ ಮಾನ) ಬರಬೇಕು. ನಿಜವಾದ ಕಬ್ಬಿಣದಲ್ಲಿ ಕಕ್ಷೀಯ ಪಾಲೂ ಸೇರಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ತಣ್ಣಗಾದಂತೆ ದ್ರಾವಕದ ಸಾಂದ್ರತೆ ಹೆಚ್ಚುವುದನ್ನು ಲೆಕ್ಕಕ್ಕೆ ಸೇರಿಸದಿದ್ದರೆ ವಕ್ರರೇಖೆ ಓರೆಯಾಗುತ್ತದೆ ಎಂಬುದನ್ನೂ, ಲಿಗ್ಯಾಂಡುಗಳ ಪ್ರತಿಕಾಂತೀಯ ಪಾಲನ್ನು ಕಳೆಯಬೇಕೆಂಬುದನ್ನೂ, ಈ ತಿದ್ದುಪಡಿಗಳ ನಂತರ ಸಿಕ್ಕ ಸಂಖ್ಯೆಯ ಮೇಲೆ ನನಗೆಷ್ಟು ಭರವಸೆಯಿದೆ ಎಂಬುದನ್ನೂ ಬರೆದೆ. ಸ್ಪಿನ್ ಬದಲಾವಣೆ ಉಷ್ಣತೆಯಿಂದ ಆಗುವುದನ್ನು ನೋಡಿದ ನನಗೆ ಅದೇ ಬದಲಾವಣೆ ಬೆಳಕಿನಿಂದ ಫೆಮ್ಟೋಸೆಕೆಂಡುಗಳಲ್ಲಿ ಆಗುವುದನ್ನು ನೋಡಬೇಕಿದೆ ಎಂಬ ಮಾತು ಅದರಿಂದ ಸಹಜವಾಗಿಯೇ ಬಂತು. ಶಿಫಾರಸು ಬರೆಯಲು ಒಪ್ಪಿದ ಅಧ್ಯಾಪಕರಿಗೆ ಪ್ರಕಟಣೆಯನ್ನೂ ನನ್ನ ಕರಡನ್ನೂ ಕೊಟ್ಟಿದ್ದೆ, ಹಾಗಾಗಿ ಅವರ ಪತ್ರಗಳು ನನ್ನ ಪ್ರಯೋಗಾಲಯದ ಕೆಲಸವನ್ನೇ ಹಿಡಿದು ಮಾತನಾಡಿದವು.

ಸಂದರ್ಶನದಲ್ಲಿ ಮೊದಲು ನನ್ನ ಕೆಲಸದ ಬಗ್ಗೆ ಸಣ್ಣ ಉಪನ್ಯಾಸ, ನಂತರ ಪ್ರಶ್ನೆಗಳು. ಸಮಿತಿಯ ಒಬ್ಬರು ನೀರಿನಲ್ಲಿರುವ ಟೈಟೇನಿಯಂ(III) ಅಯಾನಿನ ಹೀರಿಕೆಯ ರೋಹಿತವನ್ನು ತೋರಿಸಿ, "ಒಂದೇ ಡಿ-ಇಲೆಕ್ಟ್ರಾನು ಇರುವಾಗ ಒಂದೇ ಪಟ್ಟಿ ಬರಬೇಕಲ್ಲ, ಪಕ್ಕದಲ್ಲಿ ಈ ಭುಜ ಏಕೆ?" ಎಂದು ಕೇಳಿದರು. ಉದ್ರಿಕ್ತ ಸ್ಥಿತಿ ಯಾನ್-ಟೆಲ್ಲರ್ ವಿರೂಪದಿಂದ (ಸಮಶಕ್ತಿಯ ಸ್ಥಿತಿಗಳು ಬೇರ್ಪಡುವಂತೆ ಅಣುವಿನ ಆಕಾರ ಬದಲಾಗುವುದರಿಂದ) ಸೀಳುತ್ತದೆ ಎಂದು ವಿವರಿಸಿದೆ. ಅಲ್ಲಿಂದ ಮಾತು ಆ ಪಟ್ಟಿ ಅಷ್ಟು ದುರ್ಬಲ ಏಕೆ, ಕಬ್ಬಿಣದ ಬೈಪಿರಿಡೀನ್ ಸಂಕೀರ್ಣದ ಪಟ್ಟಿ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ ಏಕೆ ಎಂಬುದರ ಕಡೆಗೆ ಹೊರಳಿತು. ಸಮಮಿತಿಯ ಕೇಂದ್ರವಿರುವ ಸಂಕೀರ್ಣದಲ್ಲಿ ಡಿ-ಡಿ ಸಂಕ್ರಮಣಕ್ಕೆ ಲಾಪೋರ್ಟ್ ನಿಯಮದ ತಡೆಯಿದೆ, ಆವೇಶ-ವರ್ಗಾವಣೆಗೆ ಆ ತಡೆಯಿಲ್ಲ ಎಂಬ ಪಾಠ ಹಳೆಯದೇ; ಅದನ್ನು ಎದುರಿಗಿರುವ ರೋಹಿತದಲ್ಲಿ ತೋರಿಸಬಲ್ಲೆನೇ ಎಂಬುದನ್ನು ಅವರು ನೋಡುತ್ತಿದ್ದರು.

ಇನ್ನೊಬ್ಬರ ಪ್ರಶ್ನೆ ಪ್ರಯೋಗದ ಪ್ರಾಮಾಣಿಕತೆಗೆ ಸಂಬಂಧಿಸಿತ್ತು. ಲೇಸರ್ ಬೆಳಕಿನಲ್ಲಿ ಮಾದರಿಯೇ ಒಡೆದು, ನೀವು ಅಳೆಯುತ್ತಿರುವುದು ಒಡೆದ ಚೂರಿನ ಆಯುಷ್ಯವಾಗಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಅಳತೆಗೆ ಮುಂಚೆ ಮತ್ತು ನಂತರ ಹೀರಿಕೆಯ ರೋಹಿತ ತೆಗೆದು ಹೋಲಿಸುವುದು, ದ್ರಾವಣವನ್ನು ಹರಿಸುತ್ತ ಪ್ರತಿ ಸ್ಪಂದಕ್ಕೂ ಹೊಸ ಮಾದರಿ ಸಿಗುವಂತೆ ಮಾಡುವುದು, ಮೊದಲ ಮತ್ತು ಕೊನೆಯ ಸುತ್ತುಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು, ಸ್ಪಂದದ ಶಕ್ತಿಯನ್ನು ಅರ್ಧಕ್ಕಿಳಿಸಿ ಅದೇ ಕಾಲಮಾನ ಬರುತ್ತದೆಯೇ ನೋಡುವುದು ಎಂದು ಹೇಳಿದೆ. ಸುರಕ್ಷತೆಯ ಬಗ್ಗೆಯೂ ಕೇಳಿದರು. ಸಾವಯವ ಲಿಗ್ಯಾಂಡುಗಳಿರುವ ಲೋಹಸಂಕೀರ್ಣದ ಪರ್‌ಕ್ಲೋರೇಟ್ ಲವಣಗಳು ಸ್ಫೋಟಿಸಬಹುದು. ಹಳೆಯ ಲೇಖನಗಳಲ್ಲಿ ಅವು ಧಾರಾಳವಾಗಿ ಕಾಣುತ್ತವೆ ಎಂಬ ಕಾರಣಕ್ಕೆ ಹಾಗೆಯೇ ಅನುಕರಿಸಬಾರದು, ಸಾಧ್ಯವಿರುವ ಕಡೆಯೆಲ್ಲ ಟ್ರೈಫ್ಲೇಟ್ ಅಥವಾ ಹೆಕ್ಸಾಫ್ಲೋರೋಫಾಸ್ಫೇಟ್ ಬಳಸಬೇಕು ಎಂದೆ. ಬಹುಸಂರಚನಾ ಗಣನೆಗಳನ್ನು (ಇಲೆಕ್ಟ್ರಾನುಗಳ ಹಲವು ಜೋಡಣೆಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಗಣನೆಗಳನ್ನು) ನಾನು ಸ್ವತಃ ಮಾಡಿರಲಿಲ್ಲ. ಹಾಗೆಂದೇ ತಿಳಿಸಿ, ಕಬ್ಬಿಣದಂತಹ ಲೋಹದಲ್ಲಿ ಸ್ಪಿನ್ ಸ್ಥಿತಿಗಳ ನಡುವಣ ಶಕ್ತಿಯ ಅಂತರ ಹೆಚ್ಚಾಗಿ ಬಳಸುವ ಗಣನಾ ವಿಧಾನವಾದ ಸಾಂದ್ರತಾ-ಫಲನ ಸಿದ್ಧಾಂತದಲ್ಲಿ ಆಯ್ದ ಫಲನಕ್ಕೆ ತಕ್ಕಂತೆ ಏರುಪೇರಾಗುವುದರಿಂದ ಅವನ್ನು ಕಲಿಯುವುದು ಈ ಯೋಜನೆಗೆ ಅಗತ್ಯ ಎಂದು ಸೇರಿಸಿದೆ.

ಆಯ್ಕೆಯಾದ ಸುದ್ದಿ ಬಂದ ಮೇಲೆ, ಒಪ್ಪಿಗೆ ಕೊಡುವ ಮುನ್ನ, ಆ ಗುಂಪಿನಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳೊಡನೆ ಪ್ರಾಧ್ಯಾಪಕರಿಲ್ಲದೆ ಮಾತನಾಡಲು ಅವಕಾಶ ಕೇಳಿದೆ. ಅದನ್ನು ಅವರೇ ಏರ್ಪಾಡು ಮಾಡಿಕೊಟ್ಟರು. ಗ್ಲೋವ್‌ಬಾಕ್ಸಿನ (ಗಾಳಿ ತಾಗದಂತೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆಯ) ಶುದ್ಧೀಕರಣದ ಸರದಿ ಯಾರದು, ಕೆಟ್ಟರೆ ದುರಸ್ತಿಗೆ ಎಷ್ಟು ಕಾಲ ಕಾಯಬೇಕು, ಲೇಸರನ್ನು ಸರಿಹೊಂದಿಸಲು ಕಲಿಸುವವರು ಯಾರು, ಫಲ ಕೊಡದ ಸಂಯುಕ್ತಗಳ ಮೇಲೆ ಕಳೆದ ವರ್ಷವನ್ನು ಪ್ರಬಂಧದಲ್ಲಿ ಸೇರಿಸಬಹುದೇ, ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು ಎಂಬಂತಹ ಪ್ರಶ್ನೆಗಳಿಗೆ ಬೇರೆಲ್ಲೂ ಉತ್ತರ ಸಿಗುವುದಿಲ್ಲ. ಹರಳುಗಳು ಬೆಳೆಯದೆ ತಿಂಗಳುಗಟ್ಟಲೆ ಕಾದ ಕಥೆಯನ್ನು ಒಬ್ಬರು ಹೇಳಿದರು. ಆ ಕಾಲದಲ್ಲಿ ಮಾರ್ಗದರ್ಶಕರು ಒತ್ತಡ ಹೇರದೆ ಇನ್ನೊಂದು ಲಿಗ್ಯಾಂಡಿನ ಕಡೆಗೆ ಹೋಗಲು ಬಿಟ್ಟರಂತೆ. ನನ್ನ ತೀರ್ಮಾನಕ್ಕೆ ಈ ಮಾತು ಎಲ್ಲಕ್ಕಿಂತ ಹೆಚ್ಚು ಬಲ ಕೊಟ್ಟಿತು.

ಒಪ್ಪಿಗೆಪತ್ರವನ್ನು ಸಾಲು ಸಾಲಾಗಿ ಓದಿದೆ. ಧನಸಹಾಯದ ಅವಧಿ ನೋಂದಣಿಯ ದಿನದಿಂದ ಲೆಕ್ಕವೋ ಅನುದಾನ ಮಂಜೂರಾದ ದಿನದಿಂದಲೋ ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ. ಈ ವ್ಯತ್ಯಾಸದಲ್ಲಿ ಕೊನೆಯ ಕೆಲವು ತಿಂಗಳುಗಳ ಶಿಷ್ಯವೇತನವೇ ಅಡಗಿರುವುದರಿಂದ ಲಿಖಿತ ಸ್ಪಷ್ಟನೆ ಕೇಳಿದೆ. ನೋಂದಣಿಯಿಂದಲೇ ಲೆಕ್ಕ ಎಂದು ಕಚೇರಿಯಿಂದ ಉತ್ತರ ಬಂತು. ಕಾಯಿಲೆಯಿಂದ ಕೆಲಸ ನಿಂತರೆ ಅವಧಿಯನ್ನು ವಿಸ್ತರಿಸುವ ನಿಯಮ, ಪದವಿ ವಿದ್ಯಾರ್ಥಿಗಳ ಪ್ರಯೋಗ ತರಗತಿಗಳಲ್ಲಿ ನೆರವಾಗಬೇಕಾದ ಗಂಟೆಗಳ ಮಿತಿ, ಮೊದಲ ವರ್ಷದ ಕೊನೆಯ ಪರಿಶೀಲನೆಯಲ್ಲಿ ಏನನ್ನು ಒಪ್ಪಿಸಬೇಕು ಎಂಬ ವಿವರ, ಇವನ್ನೆಲ್ಲ ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆದುಕೊಂಡೆ. ಇದರಿಂದ ಯಾರಿಗೂ ಬೇಸರವಾಗಲಿಲ್ಲ.

ಸೇರಿದ ಮೇಲೆ ಸುರಕ್ಷತಾ ತರಬೇತಿ ಮುಗಿಯುತ್ತಿದ್ದಂತೆ ಮಾರ್ಗದರ್ಶಕರು ಕೊಟ್ಟ ಮೊದಲ ಕೆಲಸ ಹೊಸ ಸಂಯುಕ್ತದ್ದಲ್ಲ. ಕಬ್ಬಿಣದ ಬೈಪಿರಿಡೀನ್ ಸಂಕೀರ್ಣವನ್ನೇ ತಯಾರಿಸಿ, ಶುದ್ಧಗೊಳಿಸಿ, ಅದರ ಕ್ವಿಂಟೆಟ್ ಸ್ಥಿತಿಯ ಆಯುಷ್ಯವನ್ನು ನಮ್ಮ ಲೇಸರಿನಲ್ಲಿ ಅಳೆಯಬೇಕಿತ್ತು. ಪ್ರಕಟಿತ ಮೌಲ್ಯ ಎಲ್ಲರಿಗೂ ಗೊತ್ತಿರುವುದರಿಂದ, ನನ್ನ ಅಳತೆ ಅದರ ಹತ್ತಿರ ಬಂದರೆ ಉಪಕರಣದ ಕಾಲದ ಅಕ್ಷವೂ, ನನ್ನ ಕೈಯೂ, ದತ್ತಾಂಶವನ್ನು ಹೊಂದಿಸುವ ಕ್ರಮವೂ ಸರಿಯಿವೆ ಎಂದಾಗುತ್ತದೆ. ಅದು ಹತ್ತಿರ ಬಂದ ನಂತರವೇ ಕಾರ್ಬೀನ್ ಲಿಗ್ಯಾಂಡುಗಳ ಕೆಲಸವನ್ನು ಗ್ಲೋವ್‌ಬಾಕ್ಸಿನಲ್ಲಿ ಆರಂಭಿಸಿದೆ. ಮೊದಲ ವರ್ಷದ ವರದಿಗೆ ಈ ಹೋಲಿಕೆಯ ಅಳತೆಯೇ ಮೊದಲ ಅಧ್ಯಾಯ. ಎರಡನೆಯದಕ್ಕೆ ಬೇಕಾದ ಸಂಕೀರ್ಣದ ಹರಳುಗಳು ಈಗ ಎಕ್ಸ್-ಕಿರಣ ವಿವರ್ತನೆಯ ಸರದಿಯಲ್ಲಿವೆ.